ನಾಲ್ಕು ಕಲ್ಲಿಗೆ ಮಾತ್ರ ನೀರು

ಟಕ್, ಟಕ್ ಎನ್ನುತ್ತಿದ್ದ ಕಲ್ಲು ಇದ್ದಕ್ಕಿದ್ದಂತೆ ಡಬ್ ಎಂದಿತು.

ನಿಧಾನಿ ಸುತ್ತಿಗೆಯ ಹಿಡಿಯನ್ನು ಅಲ್ಲೇ ತಡೆದ. ಮಂಡಿಯೂರಿ ಮುಕ್ಕಾಲು ಗಂಟೆಯಾಗಿತ್ತು. ಹಿತ್ತಲಿನ ಹೊಸ ಅಂಗಳದ ನೂರಾ ಹನ್ನೆರಡು ಚಪ್ಪಡಿಗಳಲ್ಲಿ ಎಂಬತ್ತೇಳನ್ನು ಒಂದೊಂದಾಗಿ ತಟ್ಟಿ ಬಂದಿದ್ದ. ಎಲ್ಲವೂ ಹೊಟ್ಟೆ ತುಂಬಿದವರ ಹಾಗೆ ಒಂದೇ ದನಿಯಲ್ಲಿ ಟಕ್ ಎಂದಿದ್ದವು. ಎಂಬತ್ತೆಂಟನೆಯದು ಮಾತ್ರ ಟೊಳ್ಳು.

ಪಕ್ಕದ್ದನ್ನು ತಟ್ಟಿದ. ಡಬ್. ಅದರ ಕೆಳಗಿನದು, ಅದರ ಪಕ್ಕದ್ದು, ಎರಡೂ ಡಬ್. ಆಮೇಲೆ ಮತ್ತೆ ಟಕ್, ಟಕ್.

ನಾಲ್ಕೇ ನಾಲ್ಕು. ನೀರಿನ ಟ್ಯಾಂಕಿನ ಪಕ್ಕದಲ್ಲಿ, ಚೌಕವಾಗಿ, ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು.

"ಅಯ್ಯೋ ಸಾರ್, ನೂರು ಕಲ್ಲಲ್ಲಿ ನಾಲ್ಕು ಹೀಗಿರೋದು ಸಹಜ," ಎಂದ ಕಂಟ್ರಾಕ್ಟರ್. ತರಲು ಹೇಳಿದ್ದ ಹಾರೆಯನ್ನು ತಂದಿದ್ದನೇನೋ ನಿಜ, ಆದರೆ ಅದನ್ನು ಗೋಡೆಗೆ ಒರಗಿಸಿ ತಾನು ಅದಕ್ಕೆ ಅಡ್ಡ ನಿಂತಿದ್ದ. "ಮೇಸ್ತ್ರಿ ಕೊನೇ ದಿನ ಅವಸರ ಮಾಡಿರ್ತಾನೆ. ಬಿಟ್ಬಿಡಿ, ತಾನಾಗೇ ಕೂತ್ಕೊಳುತ್ತೆ."

"ನಮ್ಮನೆಯವರು ಅವಸರ ಮಾಡಲ್ಲ."

ಹಾಗೆಂದವಳು ಮೇಸ್ತ್ರಿಯ ಹೆಂಡತಿ. ಹಿತ್ತಲ ಬಾಗಿಲ ಹತ್ತಿರ ನಿಂತಿದ್ದಳು. ಹತ್ತೊಂಬತ್ತು ವರ್ಷ ಗಂಡನ ಜೊತೆ ಗಾರೆ ಕಲಸಿ, ಕಲ್ಲು ಹೊತ್ತು, ಅವಳ ಅಂಗೈಯೇ ಅರ್ಧ ಕಲ್ಲಾಗಿತ್ತು. ಇದೇ ಅಂಗಳಕ್ಕೆ ಹದಿನಾರು ದಿನ ದುಡಿದಿದ್ದಳು. ಇವತ್ತು ಒಳಗೆ ಬನ್ನಿ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅವಳ ಗಂಡ ಮೊನ್ನೆಯಿಂದ ಲಾಕಪ್ಪಿನಲ್ಲಿದ್ದ. ಈ ಮನೆಯ ಟೀಚರಮ್ಮನ ತಮ್ಮ ಹನ್ನೊಂದು ದಿನದಿಂದ ನಾಪತ್ತೆಯಾಗಿದ್ದ. ಅವನು ಕಾಣೆಯಾಗುವುದಕ್ಕೆ ಒಂದು ವಾರ ಮುಂಚೆ ಅವರಿಬ್ಬರೂ ಇದೇ ಅಂಗಳದಲ್ಲಿ ಜಗಳವಾಡಿದ್ದನ್ನು ನೆರೆಮನೆಯವರು ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದರು. ಪೊಲೀಸರಿಗೆ ಅಷ್ಟು ಸಾಕಾಗಿತ್ತು.

ಮಧ್ಯಾಹ್ನ ಎರಡೂವರೆಗೆ ಕೋರ್ಟು. ಅಷ್ಟರೊಳಗೆ ತಪ್ಪೊಪ್ಪಿಗೆಗೆ ಹೆಬ್ಬೆಟ್ಟು ಒತ್ತಿಸುತ್ತಾರೆ ಎಂದು ನಿಧಾನಿಗೆ ಗೊತ್ತಿತ್ತು. ಆ ಪೊಲೀಸ್ ಕಸುಬನ್ನು ಇಪ್ಪತ್ತೆರಡು ವರ್ಷ ತಾನೇ ಮಾಡಿದವನು. ಕೆಲಸದಲ್ಲಿ ಆಮೆಯಷ್ಟು ನಿಧಾನ ಎಂದು ಸ್ಟೇಷನ್ನಿನವರು ಗೇಲಿ ಮಾಡಿ ಇಟ್ಟ ಹೆಸರು ಅವನಿಗೆ ಅಂಟಿಕೊಂಡಿತ್ತು. ಸರ್ವಿಸಿನಲ್ಲಿ ಒಂದೇ ಒಂದು ಸಲ ಅವಸರ ಮಾಡಿದ್ದ. ಆ ಅವಸರಕ್ಕೆ ಒಬ್ಬ ಅಮಾಯಕ ಆರು ವರ್ಷ ಜೈಲಿನಲ್ಲಿ ಕೊಳೆತ. ನಿಜ ತಿಳಿದ ದಿನ ನಿಧಾನಿ ರಾಜೀನಾಮೆ ಬರೆದುಕೊಟ್ಟ. ಅದರಿಂದ ಯಾರ ಆರು ವರ್ಷವೂ ವಾಪಸು ಬರಲಿಲ್ಲ.

ಮೇಸ್ತ್ರಿಯ ಹೆಂಡತಿ ಮನೆಗೆ ಬಂದು ಬೇಡಿಕೊಂಡಿದ್ದಕ್ಕೆ ಬೆಳಿಗ್ಗೆ ಅವನು ಲಾಕಪ್ಪಿನಲ್ಲಿ ಮೇಸ್ತ್ರಿಯನ್ನು ನೋಡಿಬಂದಿದ್ದ. ಬಲಗೈ ಬೆರಳುಗಳು ಬದನೆಕಾಯಿಯ ಹಾಗೆ ಊದಿದ್ದವು. "ಗಾರೆ ಕರಣಿ ಹಿಡಿಯೋ ಕೈ ಅಂತ ಗೊತ್ತಿದ್ದೇ ಹೊಡೆದ್ರು ಸಾರ್," ಎಂದು ಮೇಸ್ತ್ರಿ ಗೋಡೆಗೆ ಹೇಳುವಂತೆ ಹೇಳಿದ್ದ.

"ಇನ್ನೂ ಎಷ್ಟು ಹೊತ್ತು ತಟ್ಟಬೇಕು ನೀವು?"

ಟೀಚರಮ್ಮ ಬೆತ್ತದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿ, ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಮದುವೆಯಾಗಲಿಲ್ಲ. ಒಂಬತ್ತು ವರ್ಷದ ತಮ್ಮನನ್ನು ತಾಯಿ ಸತ್ತ ದಿನ ಮಡಿಲಿಗೆ ಹಾಕಿಕೊಂಡವರು ಅವನಿಗೆ ನಲವತ್ತೊಂದಾದರೂ ಕೆಳಗಿಳಿಸಿರಲಿಲ್ಲ. ಕಂಟ್ರಾಕ್ಟರ್ ಅವರದೇ ಹಳೇ ವಿದ್ಯಾರ್ಥಿ. ಅಂಗಳಕ್ಕೆ ಕಲ್ಲು ಹಾಸಬೇಕೆಂದು ಮೂರು ಜನರನ್ನು ಕರೆಸಿ, ಮೂವರಿಂದಲೂ ಅಳತೆ ತೆಗೆಸಿ, ಮಾದರಿ ಕಲ್ಲು ತರಿಸಿ, ಕೊನೆಗೆ ನನ್ನ ಹುಡುಗ ಎಂದು ಇವನಿಗೇ ಕೆಲಸ ಒಪ್ಪಿಸಿದ್ದರು.

"ಮುಗೀತು ಟೀಚರ್," ಎಂದ ನಿಧಾನಿ ಮಂಡಿ ಒರೆಸಿಕೊಂಡು ಎದ್ದ. "ಕೈ ತೊಳ್ಕೋಬಹುದಾ?"

"ಅಡುಗೆಮನೇಲಿ ನಲ್ಲಿ ಇದೆ."

ಅಡುಗೆಮನೆ ಅವರ ಸ್ವಭಾವದಷ್ಟೇ ಓರಣವಾಗಿತ್ತು. ಡಬ್ಬಗಳ ಮೇಲೆ ಚೀಟಿ, ಚೀಟಿಯ ಮೇಲೆ ದುಂಡು ಅಕ್ಷರ. ನಿಧಾನಿ ಕೈ ತೊಳೆದು, ಒರೆಸಿಕೊಳ್ಳಲು ಬಟ್ಟೆ ಹುಡುಕುತ್ತ ಗೋಡೆಯತ್ತ ತಿರುಗಿದ. ಅಲ್ಲೊಂದು ಕ್ಯಾಲೆಂಡರ್ ಇತ್ತು. ಕೈಯಿಂದ ನೀರು ತೊಟ್ಟಿಕ್ಕುತ್ತಿದ್ದರೂ ಅವನು ಅದರ ಮುಂದೆ ಒಂದು ನಿಮಿಷ ಪೂರ್ತಿ ನಿಂತ. ಆಮೇಲೆ ಅದನ್ನು ಮೊಳೆಯಿಂದ ಬಿಡಿಸಿ, ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದ.

"ಇಲ್ಲಿ ಬಾಮ್ಮ," ಎಂದು ಮೇಸ್ತ್ರಿಯ ಹೆಂಡತಿಯನ್ನು ಕರೆದ. "ನಿಮ್ಮೆಜಮಾನ್ರು ಕಲ್ಲು ಹೇಗೆ ಕೂರಿಸ್ತಾರೆ ಅಂತ ಹೇಳು. ನಂಗೆ ಗೊತ್ತಾಗೋ ಹಾಗೆ ಹೇಳು."

ಅವಳು ಟೀಚರಮ್ಮನ ಮುಖ ನೋಡಿದಳು, ಹೆಜ್ಜೆ ಇಡಲು ಅಪ್ಪಣೆ ಕೇಳುವವಳ ಹಾಗೆ. ಅಪ್ಪಣೆ ಸಿಗಲಿಲ್ಲ. ಬಂದೇಬಿಟ್ಟಳು.

"ಮೊದಲು ಗಾರೆ ಇಲ್ದೆ ಎಲ್ಲಾ ಕಲ್ಲೂ ಸುಮ್ನೆ ಜೋಡಿಸಿ ನೋಡ್ತಾರೆ ಸಾರ್. ಸರಿ ಬಂತು ಅಂದ್ಮೇಲೆ ಪ್ರತಿ ಕಲ್ಲಿನ ಅಡೀಲಿ ಕೆಂಪು ಬಣ್ಣದಲ್ಲಿ ನಂಬರ್ ಬರೀತಾರೆ. ಆಮೇಲೆ ಕಲ್ಲಿನ ಅಡಿ ಪೂರ್ತಿ ಗಾರೆ ಹರಡಿ ಕೂರಿಸೋದು. ಒಂದು ಬೆರಳು ತೂರೋಕೂ ಜಾಗ ಬಿಡಲ್ಲ. ಅದಕ್ಕೇ ಟಕ್ ಅನ್ನೋದು."

"ಡಬ್ ಅಂದ್ರೆ?"

ಅವಳು ಟೊಳ್ಳು ಕಲ್ಲಿನ ಮೇಲೆ ಅಂಗೈ ಇಟ್ಟಳು. "ಕೆಲಸ ಗೊತ್ತಿಲ್ಲದೋರು ನಾಲ್ಕು ಮೂಲೆಗೆ ನಾಲ್ಕು ಉಂಡೆ ಗಾರೆ ಇಟ್ಟು ಕಲ್ಲು ಕೂರಿಸ್ತಾರೆ. ಮೇಲಿಂದ ಎಲ್ಲಾ ಚೆನ್ನಾಗೇ ಕಾಣುತ್ತೆ. ಮಧ್ಯೆ ಟೊಳ್ಳು."

"ಸಂದು?"

ಅವಳು ಬಗ್ಗಿ ಕಲ್ಲುಗಳ ನಡುವಿನ ಸಂದನ್ನು ಬೆರಳಿನಿಂದ ಸವರಿದಳು. ಐದಾರು ಕಲ್ಲು ದಾಟಿ ಟೊಳ್ಳು ಕಲ್ಲುಗಳ ಹತ್ತಿರ ಬಂದಾಗ ಬೆರಳು ನಿಂತಿತು. "ಬೇರೆ ಕಡೆ ಎಲ್ಲಾ ಪೈಪಿನ ತುಂಡಲ್ಲಿ ಎಳೆದಿದ್ದು ಸಾರ್, ಅವರದೇ ಕೈ. ಇಲ್ಲಿ ನೋಡಿ, ಮಧ್ಯೆ ಮಧ್ಯೆ ತಗ್ಗು. ಇದು..." ಅವಳು ತಲೆ ಎತ್ತಿದಳು. "ಇದು ಚಮಚದಲ್ಲಿ ಒತ್ತಿದ್ದು. ಅಡುಗೆಮನೆ ಚಮಚ."

ಕಂಟ್ರಾಕ್ಟರ್ ಗೊಳ್ಳೆಂದು ನಕ್ಕ. ನಗು ಅರ್ಧಕ್ಕೇ ಒಣಗಿತು. "ಏನ್ ತಂಗ್ಯಮ್ಮಾ, ನೀನೂ ಪತ್ತೇದಾರಿಕೆ ಶುರು ಹಚ್ಕೊಂಡ್ಯಾ?"

"ನಿಮ್ಮನ್ನ ಅಣ್ಣಾ ಅಂತಿದ್ದೆ," ಎಂದಳು ಅವಳು. ದನಿ ಏರಲಿಲ್ಲ. "ಹತ್ತೊಂಬತ್ತು ವರ್ಷ ಅಂದಿದೀನಿ. ಅವರನ್ನ ಜೀಪಿಗೆ ಹತ್ತಿಸ್ತಿದ್ದಾಗ ನೀವು ರಸ್ತೆ ಆ ಕಡೆ ನಿಂತು ಫೋನ್ ನೋಡ್ಕೊಂಡಿದ್ರಿ."

ಎಲ್ಲದಕ್ಕೂ ಬೆಣ್ಣೆ ಸವರಿದಂಥ ಮಾತಾಡುತ್ತಿದ್ದ ಕಂಟ್ರಾಕ್ಟರ್ ಗೋಡೆಯತ್ತ ತಿರುಗಿ ಹಾರೆಯನ್ನು ಸರಿಯಾಗಿ ಒರಗಿಸತೊಡಗಿದ.

ನಿಧಾನಿ ಕ್ಯಾಲೆಂಡರನ್ನು ಟೀಚರಮ್ಮನ ಮಡಿಲಲ್ಲಿ ಇಟ್ಟ. ತಾನು ಅವರೆದುರು ಟ್ಯಾಂಕಿನ ಕಟ್ಟೆಯ ಮೇಲೆ ಕೂತ.

"ಗಾರೆ ಕೆಲಸ ಮುಗಿದಾಗ ಮೇಸ್ತ್ರಿ ನಿಮಗೆ ಏನಂದ ಟೀಚರ್?"

"ಏಳು ದಿನ ನೀರು ಹಾಕಿ ಅಂದ. ಗಾರೆ ಗಟ್ಟಿಯಾಗೋಕೆ. ಹಾಕಿದೆ."

"ಗೊತ್ತು. ದಿನಾ ಹಾಕಿ ಟಿಕ್ ಮಾಡಿದ್ದೀರ. ಒಂದನೇ ತಾರೀಕಿಂದ ಏಳರವರೆಗೆ, ಏಳು ಟಿಕ್. ಕೆಲಸ ಅಂದ್ರೆ ಹೀಗಿರಬೇಕು." ಅವನು ಬೆರಳನ್ನು ಮುಂದಕ್ಕೆ ಸರಿಸಿದ. "ಎಂಟನೇ ತಾರೀಕು ಖಾಲಿ. ನಿಮ್ಮ ತಮ್ಮ ಕಾಣೆಯಾದ ದಿನ. ಸರಿ, ಗಾಬರಿ ಇತ್ತು ಅನ್ನೋಣ. ಒಂಬತ್ತರಿಂದ ಮತ್ತೆ ಟಿಕ್. ಒಂಬತ್ತು, ಹತ್ತು, ಹನ್ನೊಂದು... ಹದಿನೈದರವರೆಗೆ. ಮತ್ತೆ ಲೆಕ್ಕ ತಪ್ಪದ ಹಾಗೆ ಏಳು."

ಟೀಚರಮ್ಮ ಕ್ಯಾಲೆಂಡರ್ ನೋಡಲಿಲ್ಲ.

"ಗಟ್ಟಿಯಾದ ಗಾರೆಗೆ ಯಾರೂ ನೀರು ಹಾಕಲ್ಲ. ಎರಡನೇ ಸಲದ ನೀರು ಯಾವುದಕ್ಕೆ?" ನಿಧಾನಿ ಕಾಲಿನಿಂದ ಟೊಳ್ಳು ಕಲ್ಲಿನತ್ತ ತೋರಿಸಿದ. ಅಡಿಯ ಟೊಳ್ಳಿನಲ್ಲಿ ನಿಂತ ನೀರಿನಿಂದ ನಾಲ್ಕರ ಅಂಚಿನಲ್ಲೂ ಬೂದಿ ಉದುರಿಸಿದ ಹಾಗೆ ಬಿಳಿ ಉಪ್ಪು ಹೂಬಿಟ್ಟಿತ್ತು. ಉಳಿದ ನೂರಾ ಎಂಟು ಕಲ್ಲುಗಳ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. "ನಾಲ್ಕು ಕಲ್ಲಿಗೆ ಮಾತ್ರ ನೀರು ಹಾಕಿದ್ದೀರ ಟೀಚರ್. ಹೊಸ ಗಾರೆ ಅಲ್ಲಿ ಮಾತ್ರ ಇತ್ತು. ಬೇರೆ ಯಾರಾದ್ರೂ ಆಗಿದ್ರೆ ಕಲ್ಲು ಮುಚ್ಚಿ ಕೈ ತೊಳ್ಕೊಂಡು ಹೋಗಿರೋರು. ನೀವು ಮೇಸ್ತ್ರಿ ಹೇಳಿದ ಪಾಠ ತಪ್ಪಿಸಲಿಲ್ಲ."

ಗೋಡೆಯಾಚೆ ಯಾರೋ ಬಟ್ಟೆ ಕೊಡವಿದ ಸದ್ದು ಬಂತು. ಕುರ್ಚಿಯ ಬೆತ್ತ ಕಿರುಗುಟ್ಟಿತು. ಟೀಚರಮ್ಮನಿಗೆ ಆ ಕ್ಷಣ ಅರವತ್ತಮೂರರ ಮೇಲೆ ಇನ್ನೊಂದು ಹತ್ತು ವರ್ಷ ಏರಿದಂತೆ ಕಂಡಿತು.

"ಟೀಚರ್, ಏನೂ ಹೇಳ್ಬೇಡಿ," ಎಂದ ಕಂಟ್ರಾಕ್ಟರ್ ಮೆಲ್ಲಗೆ.

"ಸುಮ್ನಿರು ನೀನು." ತರಗತಿಯಲ್ಲಿ ಹೇಳುವ ಹಾಗೆಯೇ ಹೇಳಿದರು. ಆಮೇಲೆ ನಿಧಾನಿಯತ್ತ ತಿರುಗಿದರು. "ಎಂಟನೇ ತಾರೀಕು ಬೆಳಿಗ್ಗೆ ಆರು ಗಂಟೆಗೆ ಬಾಗಿಲು ತೆಗೆದೆ. ನಾಲ್ಕು ಕಲ್ಲಿನ ಮೇಲೆ ರಕ್ತ ಇತ್ತು."

ಮೇಸ್ತ್ರಿಯ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು.

"ಟ್ಯಾಂಕಿನ ಸಂದಿನಲ್ಲಿ ನನ್ನ ತಮ್ಮನ ಅಂಗಿ. ಮುದ್ದೆ ಮಾಡಿ ತುರುಕಿತ್ತು. ಅದೂ ರಕ್ತ. ಮೇಲೆ ಹೋಗಿ ನೋಡಿದ್ರೆ ಅವನಿಲ್ಲ. ಫೋನ್ ತೆಗೆದ್ರೆ ಅವನ ಮೆಸೇಜ್ ಬಂದಿತ್ತು. ಅಕ್ಕಾ, ದೊಡ್ಡ ತಪ್ಪಾಯ್ತು, ನನ್ನ ಹುಡುಕಬೇಡ ಅಂತ."

"ನೀವು ಏನಂದ್ಕೊಂಡ್ರಿ?"

ಅವರು ಮೇಸ್ತ್ರಿಯ ಹೆಂಡತಿಯ ಕಡೆ ನೋಡದೆ ಹೇಳಿದರು. "ತಮ್ಮ ಮೇಸ್ತ್ರಿನ ಕೊಂದುಬಿಟ್ಟ ಅಂದ್ಕೊಂಡೆ. ಅದಕ್ಕೆ ವಾರದ ಹಿಂದೆ ನೀರು ಹರಿಯೋ ವಾಟ ಸರಿಯಿಲ್ಲ ಅಂತ ಅವನಿಗೆ ಕಪಾಳಕ್ಕೆ ಹೊಡೆದಿದ್ದ. ವಾಟ ಸರಿಯಾಗೇ ಇತ್ತು. ಬಕೆಟ್ ನೀರು ಸುರಿದು ನಾನೇ ನೋಡಿದ್ದೆ."

"ನೋಡಿನೂ ಸುಮ್ನಿದ್ರಿ," ಎಂದಳು ಮೇಸ್ತ್ರಿಯ ಹೆಂಡತಿ.

"ಸುಮ್ನಿದ್ದೆ."

ಇನ್ನೊಮ್ಮೆ ಕೈ ಎತ್ತಿದರೆ ಇದೇ ಕಲ್ಲಿನಡಿ ಮಲಗಿಸುತ್ತೇನೆ ಎಂದು ಮೇಸ್ತ್ರಿ ಅಂದದ್ದು ಆಗಲೇ. ನೆರೆಮನೆಯವರಿಗೆ ಕೇಳಿಸಿದ್ದು ಅದೊಂದೇ ಮಾತು. ಕಪಾಳಕ್ಕೆ ಬಿದ್ದ ಏಟಿನ ಸದ್ದು ಗೋಡೆ ದಾಟಿರಲಿಲ್ಲ.

"ಕಲ್ಲು ತಿಕ್ಕಿದೆ, ಹೋಗಲಿಲ್ಲ. ಕಲ್ಲು ರಕ್ತ ಕುಡಿದುಬಿಟ್ಟಿತ್ತು. ಈ ಕಂಟ್ರಾಕ್ಟರಿಗೆ ಫೋನ್ ಮಾಡ್ದೆ. ಬಂದು ಕಲ್ಲು ಎತ್ತಿ, ಹಳೇ ಗಾರೆ ಕೆತ್ತಿ, ಮಗುಚಿ ಹಾಕಿದ. ಅಂಗೀನ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ನಾನೇ ಅಡೀಲಿಟ್ಟೆ. ಸಂದು ಒತ್ತಿದ್ದೂ ನಾನೇ." ಅವರು ತಮ್ಮ ಬಲಗೈ ನೋಡಿಕೊಂಡರು. "ಎರಡು ದಿನ ಬಿಟ್ಟು ಮೇಸ್ತ್ರಿ ಬಂದ. ಗೇಟಲ್ಲಿ ನಿಂತು, ಅಮ್ಮಾ ನನ್ನ ಮಟ್ಟಗೋಲು ಇಲ್ಲೇ ಬಿಟ್ಟೋಗಿದೀನಿ ಅಂದ. ಕೈಲಿದ್ದ ಲೋಟ ಬಿದ್ದೋಯ್ತು."

"ಆವಾಗ ಗೊತ್ತಾಯ್ತಲ್ಲ, ಸತ್ತಿದ್ದು ಅವನಲ್ಲ ಅಂತ. ಹಾಗಾದ್ರೆ ರಕ್ತ ಯಾರದ್ದು ಅಂತ ಕೇಳ್ಕೊಳ್ಳಿಲ್ವಾ?"

"ಕೇಳ್ಕೊಳ್ಳೋದು ಬೇಡ ಅಂತ ತೀರ್ಮಾನ ಮಾಡ್ದೆ."

ಅದನ್ನು ಅವರು ಪಾಠ ಹೇಳುವಷ್ಟು ಸ್ಪಷ್ಟವಾಗಿ ಹೇಳಿದರು. ಈ ಜಾತಿಯ ತೀರ್ಮಾನ ನಿಧಾನಿಗೆ ಹೊಸದಲ್ಲ. ಆರು ವರ್ಷದ ಆ ಅಮಾಯಕನ ಫೈಲು ಮುಚ್ಚುವಾಗ ತಾನೂ ಒಂದು ಪ್ರಶ್ನೆಯನ್ನು ಹೀಗೇ ಬದಿಗೆ ಸರಿಸಿದ್ದ.

"ತಮ್ಮನ ಆಫೀಸಿನವರು ದೂರು ಕೊಟ್ರು. ಪೊಲೀಸರು ಮೇಸ್ತ್ರಿನ ಹಿಡ್ಕೊಂಡು ಹೋದ್ರು. ಆವಾಗ್ಲಾದ್ರೂ?"

"ಏನಂತ ಹೇಳ್ಲಿ? ಇವನನ್ನ ಬಿಡಿ, ನನ್ನ ತಮ್ಮ ಯಾರನ್ನೋ ಕೊಂದು ಓಡಿಹೋಗಿದಾನೆ, ಅವನನ್ನ ಹುಡುಕಿ ಅಂತ ಹೇಳ್ಲಾ?" ಮೊದಲ ಸಲ ಅವರ ದನಿ ನಡುಗಿತು. "ಒಂಬತ್ತು ವರ್ಷದ ಮಗು ಅದು. ನನ್ನ ಹತ್ರ ಬಂದಾಗ ಒಂಬತ್ತು ವರ್ಷ."

"ನಮ್ಮನೆಯವರಿಗೆ ಅಕ್ಕ ಇಲ್ಲ ಅಮ್ಮಾ," ಎಂದಳು ಮೇಸ್ತ್ರಿಯ ಹೆಂಡತಿ. "ಅದಕ್ಕೇ ಅವರ ಪಾಡು ಹೀಗಾಯ್ತು."

ನಿಧಾನಿ ಹಾರೆಯನ್ನು ಎತ್ತಿ ಕಂಟ್ರಾಕ್ಟರನ ಕೈಗೆ ಕೊಟ್ಟ.

"ಎತ್ತಪ್ಪ. ಒಂದ್ಸಲ ಎತ್ತಿರೋ ಕಲ್ಲು, ನಿನಗೆ ಕಷ್ಟ ಆಗಲ್ಲ."

"ಸಾರ್, ಪೊಲೀಸರು ಬರ್ಲಿ..."

"ಪೊಲೀಸರು ಬಂದ್ರೆ ಮೊದಲು ನಿನ್ನನ್ನೇ ಕೇಳ್ತಾರೆ. ನಿನ್ನ ಕೆಲಸಗಾರ ಒಳಗಿರೋವಾಗ ನಿಜ ಗೊತ್ತಿದ್ದೂ ಯಾಕೆ ಬಾಯಿಗೆ ಬೀಗ ಹಾಕ್ಕೊಂಡಿದ್ದೆ ಅಂತ."

"ಟೀಚರಿಗೆ ಮಾತು ಕೊಟ್ಟಿದ್ದೆ ಸಾರ್."

"ಒಳ್ಳೇ ವಿದ್ಯಾರ್ಥಿ," ಎಂದ ನಿಧಾನಿ. "ಎತ್ತು."

ಹಾರೆಯ ಮೊನೆ ಸಂದಿಗೆ ಇಳಿಯಿತು. ಚಮಚದ ಗಾರೆ ಬಿಸ್ಕತ್ತಿನ ಹಾಗೆ ಪುಡಿಯಾಗಿ ಎದ್ದುಬಂತು. ಕಂಟ್ರಾಕ್ಟರ್ ಬೆವರುತ್ತ ಅದುಮಿದ. ಮೊದಲ ಕಲ್ಲು ಓರೆಯಾಗಿ ಎದ್ದಾಗ ಮೇಸ್ತ್ರಿಯ ಹೆಂಡತಿ ಅಭ್ಯಾಸಬಲದಿಂದ ಓಡಿ ಅಂಚು ಹಿಡಿದಳು. ಅಡಿಯಲ್ಲಿ ನಾಲ್ಕು ಮೂಲೆಗೆ ನಾಲ್ಕು ಗಾರೆಯ ಉಂಡೆ. ಕೆಂಪು ನಂಬರ್ ಇರಬೇಕಾದ ಕಡೆ ಇಲ್ಲ. ಅದು ಮೇಲಿನ ಮೈಯಲ್ಲಿದ್ದು ತಿಕ್ಕಿಸಿಕೊಂಡು ಹೋಗಿತ್ತು. ಅಡಿಯ ಮೈಯಲ್ಲಿ ಇದ್ದದ್ದು ಕಂದು ಬಣ್ಣದ, ಅಂಗೈ ಅಗಲದ ಕಲೆ.

ಎರಡನೆಯ ಕಲ್ಲಿನ ಅಡಿಯಲ್ಲಿ ಚೀಲವಿತ್ತು.

ನಿಧಾನಿ ಕರವಸ್ತ್ರ ಸುತ್ತಿದ ಕೈಯಿಂದ ಅದನ್ನೆತ್ತಿ, ಒಳಗಿನ ಮುದ್ದೆಯನ್ನು ಹೊರತೆಗೆದ. ಬಿಳಿ ಅಂಗಿ. ಒಣಗಿದ ರಕ್ತದಲ್ಲಿ ಕಾಗದದ ಹಾಗೆ ಬಿರುಸಾಗಿತ್ತು. ಮೇಲಿಂದ ಎರಡನೆಯ ಗುಂಡಿಯನ್ನು ನೀಲಿ ದಾರದಲ್ಲಿ ಹೊಲಿದಿದ್ದರು.

"ಅವನದ್ದೇ," ಎಂದರು ಟೀಚರಮ್ಮ. "ಬಿಳಿ ದಾರ ಮುಗಿದಿತ್ತು. ಗುಂಡಿ ನಾನೇ ಹಾಕಿದ್ದು."

"ಇದನ್ನ ಬಿಡಿಸಿ ನೋಡಿದ್ರಾ ಟೀಚರ್?"

"ಇಲ್ಲ. ಧೈರ್ಯ ಬರ್ಲಿಲ್ಲ. ಹಾಗೇ ಚೀಲಕ್ಕೆ ಹಾಕ್ದೆ."

ನಿಧಾನಿ ಅಂಗಿಯನ್ನು ಬಿಡಿಸಿದ. ಆತುರಪಡಲಿಲ್ಲ. ಮಡಿಕೆ ಮಡಿಕೆಯಾಗಿ ಬಿಡಿಸಿ ಕಲ್ಲಿನ ಮೇಲೆ ಹಾಸಿದ. ಎದೆಯ ಕಡೆ ಅಲ್ಲಲ್ಲಿ ಮಾತ್ರ ರಕ್ತ. ಮಗುಚಿದ. ಬೆನ್ನು ಪೂರ್ತಿ ಕಂದಾಗಿತ್ತು. ಬೆನ್ನಿನ ನಡುವೆ, ಸ್ವಲ್ಪ ಎಡಕ್ಕೆ, ಎರಡು ಬೆರಳಗಲದ ಸೀಳು. ಸೀಳಿನ ಅಂಚಿನ ನೂಲುಗಳು ಒಳಕ್ಕೆ ಮಡಚಿಕೊಂಡಿದ್ದವು.



"ಟೀಚರ್," ಎಂದ ನಿಧಾನಿ. ಈ ಮಾತನ್ನು ಮೆತ್ತಗೆ ಹೇಳಲು ದಾರಿ ಹುಡುಕಿದ, ಸಿಗಲಿಲ್ಲ. "ಈ ರಕ್ತ ಹೊರಗಿಂದ ಬಿದ್ದದ್ದಲ್ಲ. ಅಂಗಿ ತೊಟ್ಟಿದ್ದೋರದ್ದು. ನಿಮ್ಮ ತಮ್ಮ ಯಾರನ್ನೂ ಹೊಡೆದಿಲ್ಲ. ಅವನನ್ನೇ ಹಿಂದಿನಿಂದ ಇರಿದಿದ್ದಾರೆ."

ಟೀಚರಮ್ಮ ಕುರ್ಚಿಯಿಂದ ಎದ್ದರು. ಅಂಗಿಯ ಹತ್ತಿರ ಬಂದು ಮಂಡಿಯೂರಿ, ಆ ಸೀಳಿನ ಮೇಲೆ ಬೆರಳಿಟ್ಟರು. ಬೆರಳು ಒಳಗೆ ಹೋಗಿ ಕೆಳಗಿನ ಕಲ್ಲಿಗೆ ತಾಗಿತು.

"ಅವನನ್ನ ಉಳಿಸಿದೆ ಅಂದ್ಕೊಂಡಿದ್ದೆ," ಎಂದರು. "ಅವನನ್ನ ಹೊಡೆದೋರನ್ನ ಉಳಿಸಿದ್ದೀನಿ. ಏಳು ದಿನ ನೀರು ಹಾಕಿ..." ಮಾತು ಅಲ್ಲೇ ಕಡಿಯಿತು. ಮೂವತ್ತನಾಲ್ಕು ವರ್ಷ ಯಾರ ಮುಂದೆಯೂ ಅಳದ ಹೆಂಗಸು, ತಾನೇ ಹಾಸಿಸಿದ ಅಂಗಳದಲ್ಲಿ ಕೂತು, ಸದ್ದಿಲ್ಲದೆ ಅತ್ತರು.

ಅಷ್ಟರಲ್ಲಿ ಕಂಟ್ರಾಕ್ಟರ್ ಗಂಟಲು ಸರಿಮಾಡಿಕೊಂಡ. "ಹೇಳ್ಬಾರ್ದು ಸಾರ್... ಆದ್ರೆ ಆ ಸೀಳು. ಅದು ಉಳಿಯ ಅಗಲ. ಮೇಸ್ತ್ರಿ ದೊಡ್ಡ ಉಳಿ ಅಷ್ಟೇ ಇರೋದು."

ನಿಧಾನಿ ಮೇಸ್ತ್ರಿಯ ಹೆಂಡತಿಯ ಮುಖ ನೋಡಿದ. ಅವಳು ಆ ಅಗಲವನ್ನು ಆಗಲೇ ಗುರುತಿಸಿದ್ದಳು. ಆ ಉಳಿಯನ್ನು ದಿನಾ ತೊಳೆದಿಡುತ್ತಿದ್ದವಳು ಅವಳೇ.

ಬೆಳಿಗ್ಗೆಯವರೆಗೂ ಪೊಲೀಸರ ಬಳಿ ಇದ್ದದ್ದು ಒಂದು ಜಗಳದ ಮಾತು, ಅಷ್ಟೇ. ಈಗ ರಕ್ತದ ಅಂಗಿ ಸಿಕ್ಕಿದೆ. ಮೇಸ್ತ್ರಿ ಹಾಸಿದ ಕಲ್ಲಿನಡಿ ಸಿಕ್ಕಿದೆ. ಸೀಳು ಮೇಸ್ತ್ರಿಯ ಉಳಿಯಷ್ಟೇ ಅಗಲವಿದೆ. ಮಲಗಿಸುತ್ತೇನೆ ಎಂದಿದ್ದು ಇಲ್ಲೇ. ಬಿಡಿಸಲು ಬಂದ ನಿಧಾನಿ ತಾನೇ ಕೈಯಾರೆ ಕುಣಿಕೆ ಬಿಗಿದಿದ್ದ. ನಿಧಾನವಾಗಿ ಮಾಡಿದರೂ ಇದೇ ಗತಿಯೇ ಎಂದು ತನ್ನ ಮೇಲೇ ಅವನಿಗೆ ಅಸಹ್ಯವಾಯಿತು.

ಇನ್ನು ಉಳಿದದ್ದು ಒಂದೇ ದಾರಿ. ಈ ನಾಲ್ಕು ಕಲ್ಲನ್ನು ಎತ್ತಿಸಿ ಹಾಕಿಸಿದ್ದು ನಾನು, ಮೇಸ್ತ್ರಿಯಲ್ಲ ಎಂದು ಟೀಚರಮ್ಮ ಕೋರ್ಟಿನಲ್ಲಿ ಹೇಳಬೇಕು. ಕಂಟ್ರಾಕ್ಟರನ ಮಾತನ್ನು ಯಾರೂ ನಂಬುವುದಿಲ್ಲ. ಟೀಚರಮ್ಮನ ಮಾತನ್ನು ಈ ಊರಿನ ಅರ್ಧ ಜನ, ಜಡ್ಜನ್ನೂ ಸೇರಿಸಿ, ಶಾಲೆಯ ಬೆಂಚಿನ ಮೇಲೆ ಕೂತು ಕೇಳಿದವರು.

ಅವನು ಹೇಳಬೇಕಾಗಲಿಲ್ಲ. ಮೇಸ್ತ್ರಿಯ ಹೆಂಡತಿ ಟೀಚರಮ್ಮನ ಎದುರು ಕುಕ್ಕರಗಾಲಲ್ಲಿ ಕೂತಳು.

"ಅಮ್ಮಾ, ನಿಮ್ಮ ಸಂಕಟ ನಂಗೆ ಅರ್ಥ ಆಗುತ್ತೆ. ಆದ್ರೂ ಕೇಳ್ತೀನಿ. ನೀವು ಬಂದು ಒಂದು ಮಾತು ಹೇಳಿದ್ರೆ ನಮ್ಮನೆಯವರು ಬದುಕ್ತಾರೆ."

ಟೀಚರಮ್ಮ ಕನ್ನಡಕ ತೆಗೆದು ಒರೆಸಿದರು. ಒರೆಸಿ, ಹಾಕಿಕೊಂಡು, ಎದ್ದು ನಿಂತರು.

"ಬರ್ತೀನಿ," ಎಂದರು. "ಎಲ್ಲಾ ಹೇಳ್ತೀನಿ. ಚಪ್ಪಲಿ ಹಾಕ್ಕೊಂಡು ಬರ್ತೀನಿ ಇರು." ಅಂಗಳದ ಮೆಟ್ಟಿಲ ಬಳಿ ಹೋಗಿ ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿದರು. ಇದ್ದಕ್ಕಿದ್ದಂತೆ ತಿರುಗಿದರು. "ಆದ್ರೆ ಅವನು ಸತ್ತಿಲ್ಲ. ಸತ್ತಿರೋಕೆ ಸಾಧ್ಯ ಇಲ್ಲ. ದಿನಾ ಬೆಳಿಗ್ಗೆ ಎಂಟಕ್ಕೆ ಮೆಸೇಜ್ ಬರುತ್ತೆ. ಚೆನ್ನಾಗಿದ್ದೀನಿ ಅಕ್ಕಾ ಅಂತ. ಇವತ್ತೂ ಬಂದಿದೆ."

"ಒಂದ್ಸಲ ಆದ್ರೂ ದನಿ ಕೇಳಿದ್ದೀರಾ?"

ಅವರು ಉತ್ತರ ಹೇಳುವ ಮೊದಲೇ ಬೆತ್ತದ ಕುರ್ಚಿಯ ಮೇಲಿದ್ದ ಫೋನು ಟಿಣ್ ಎಂದಿತು.

ನಿಧಾನಿಗೆ ಅದು ಹತ್ತಿರವಿತ್ತು. ಪರದೆಯ ಮೇಲೆ 'ತಮ್ಮ' ಎಂದಿತ್ತು. ಅವನ ಮೊದಲ ನೋಟ ಹೋದದ್ದು ಕಂಟ್ರಾಕ್ಟರನ ಕಡೆಗೆ. ಕಂಟ್ರಾಕ್ಟರ್ ಎರಡೂ ಕೈಯಲ್ಲಿ ಹಾರೆ ಹಿಡಿದು, ಮೂರನೆಯ ಕಲ್ಲಿನ ಅಂಚಿಗೆ ಅದುಮಿ ನಿಂತಿದ್ದ. ಅವನ ಫೋನು ಅಂಗಿಯ ಜೇಬಿನಲ್ಲಿ ಎದ್ದು ಕಾಣುತ್ತಿತ್ತು. ಅವನ ಬೆರಳು ಅದರ ಹತ್ತಿರವೂ ಸುಳಿದಿರಲಿಲ್ಲ.

ಟೀಚರಮ್ಮ ಒಂದೇ ಚಪ್ಪಲಿಯಲ್ಲಿ ಕುಂಟುತ್ತ ಬಂದು ಫೋನು ಕಿತ್ತುಕೊಂಡರು. ಓದ ಓದುತ್ತ ಅವರ ಮುಖ ಸುಣ್ಣದಂತಾಯಿತು. ಫೋನು ಕೈಯಿಂದ ಜಾರುವ ಮೊದಲು ನಿಧಾನಿ ಅದನ್ನು ಗಟ್ಟಿಯಾಗಿ ಓದಿದ.

'ಅಕ್ಕಾ, ಕಲ್ಲು ಯಾಕೆ ಎತ್ತಿಸಿದೆ? ನಾನು ಇನ್ನೂ ಬದುಕಿದ್ದೀನಿ. ನೀನು ಆ ಹೆಂಗಸಿನ ಜೊತೆ ಹೋದರೆ ಇರಲ್ಲ.'

ಆಮೇಲೆ ಟೀಚರಮ್ಮ ಬಗ್ಗಿ, ಹಾಕಿಕೊಂಡಿದ್ದ ಒಂದು ಚಪ್ಪಲಿಯನ್ನು ಬಿಚ್ಚಿ, ಇನ್ನೊಂದರ ಪಕ್ಕಕ್ಕೆ ಜೋಡಿಸಿಟ್ಟರು. ಬೆತ್ತದ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ನಾನು ಎಲ್ಲಿಗೂ ಬರಲ್ಲ," ಎಂದರು. "ಈ ಕಲ್ಲು ಯಾರು ಎತ್ತಿದ್ರೋ ನನಗೆ ಗೊತ್ತಿಲ್ಲ."

"ಟೀಚರ್!"

"ಮೇಸ್ತ್ರಿ ಹಾಸಿದ ಕಲ್ಲು. ಅವನನ್ನೇ ಕೇಳಿ."

ಮೇಸ್ತ್ರಿಯ ಹೆಂಡತಿ ಕೂಗಾಡುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ನಿಧಾನಿ ಕಾದ. ಅವಳು ಅದೇನೂ ಮಾಡಲಿಲ್ಲ. ಫೋನಿನ ಮೇಲಿದ್ದ ಮಾತನ್ನು ಅವನು ಓದಿ ಹೇಳಿದಾಗಿನಿಂದ ಅವಳು ಅಂಗಳವನ್ನು ಸುತ್ತ ನೋಡುತ್ತಿದ್ದಳು. ಎಂಟಡಿ ಎತ್ತರದ ಗೋಡೆ ಮೂರು ಕಡೆ. ಗೋಡೆಯಾಚೆಯವರಿಗೆ ಮಾತು ಕೇಳಿಸಬಹುದು, ಕಲ್ಲು ಕಾಣಿಸುವುದಿಲ್ಲ. ತಾನು ಇಲ್ಲಿರುವುದೂ ಕಾಣಿಸುವುದಿಲ್ಲ.

"ಸಾರ್," ಎಂದಳು ಮೆಲ್ಲಗೆ. "ಕಲ್ಲು ಎತ್ತಿದ್ದು, ನಾನು ಇಲ್ಲಿರೋದು, ಇವರು ನನ್ನ ಜೊತೆ ಬರೋಕೆ ಚಪ್ಪಲಿ ಹಾಕ್ಕೊಂಡಿದ್ದು. ಇದೆಲ್ಲಾ ನೋಡ್ಬೇಕಂದ್ರೆ ಎಲ್ಲಿಂದ ನೋಡ್ಬೇಕು?"

ನಿಧಾನಿ ಮನೆಯ ಕಡೆ ತಿರುಗಿದ. ಹಿತ್ತಲಿಗೆ ಮುಖಮಾಡಿದ್ದದ್ದು ಮಹಡಿಯ ಒಂದೇ ಕಿಟಕಿ. ತಮ್ಮನ ಕೋಣೆ. ಎಂಟನೇ ತಾರೀಕಿನಿಂದ ಬೀಗ ಹಾಕಿದೆ, ಯಾರನ್ನೂ ಬಿಟ್ಟಿಲ್ಲ ಎಂದು ಟೀಚರಮ್ಮ ಬೆಳಿಗ್ಗೆ ಅವನು ಬಂದೊಡನೆಯೇ ಹೇಳಿ, ಬೀಗದ ಕೈಯನ್ನು ಸ್ವೆಟರಿನ ಜೇಬಿನಿಂದ ತೆಗೆದು ತೋರಿಸಿದ್ದರು. ಅವನು ಬಂದಾಗ ಆ ಕಿಟಕಿ ಭದ್ರವಾಗಿ ಮುಚ್ಚಿತ್ತು.

ಈಗ ಅದರ ಒಂದು ಬಾಗಿಲು ನಾಲ್ಕು ಬೆರಳಷ್ಟು ತೆರೆದಿತ್ತು.

ಟೀಚರಮ್ಮನೂ ನೋಡಿದರು. ಅವರ ಕೈ ತಾನಾಗಿ ಸ್ವೆಟರಿನ ಜೇಬಿಗೆ ಹೋಯಿತು. ಬೀಗದ ಕೈ ಅಲ್ಲೇ ಇತ್ತು. ಅವರು ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನೋಡುತ್ತಿದ್ದಂತೆಯೇ, ಆ ಕಿಟಕಿಯ ಬಾಗಿಲು ಒಳಗಿನಿಂದ ಮೆಲ್ಲಗೆ ಮುಚ್ಚಿಕೊಂಡಿತು.